ಬಿಸಿಲೂರಿನಲ್ಲಿ ಐದು ಬಾಟಲಿ ವೈನ್: ಗೆಳೆಯರ ಜೊತೆ ಕೂತು ಸವಿಯುವ ಕ್ರಮ

ಬಳ್ಳಾರಿಯ ನಮ್ಮ ಮನೆಯಲ್ಲಿ ಗೆಳೆಯರೆಲ್ಲ ಮೊದಲ ಸಲ ವೈನ್ ಇಟ್ಟುಕೊಂಡು ಊಟಕ್ಕೆ ಕೂತದ್ದು ಒಂದು ಏಪ್ರಿಲ್ ತಿಂಗಳಲ್ಲಿ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕು ಎಂದು ಎಲ್ಲೋ ಓದಿದ್ದೆ. ಅದನ್ನು ನಂಬಿ ಬಾಟಲಿಯನ್ನು ಮಧ್ಯಾಹ್ನದಿಂದಲೇ ಪಡಸಾಲೆಯ ಮೇಜಿನ ಮೇಲೆ ಇಟ್ಟಿದ್ದೆ. ರಾತ್ರಿ ಎಂಟಾದರೂ ಗೋಡೆ ಮುಟ್ಟಿದರೆ ಕೈಗೆ ಬಿಸಿ ತಾಗುತ್ತಿತ್ತು. ಗ್ಲಾಸನ್ನು ಮೂಗಿನ ಹತ್ತಿರ ತಂದರೆ ಸ್ಪಿರಿಟ್ಟಿನ ಘಾಟು. ಬಾಯಿಗೆ ಹಾಕಿದರೆ ಹೆಚ್ಚು ಕಾಯಿಸಿದ ಹಣ್ಣಿನ ಪಾಕದ ರುಚಿ. ಎಲ್ಲರೂ ಒಂದೊಂದು ಗುಟುಕು ಕುಡಿದು ಗ್ಲಾಸನ್ನು ಪಕ್ಕಕ್ಕೆ ಸರಿಸಿದರು. "ವೈನ್ ಅಂದರೆ ಇದೇ ಏನು?" ಎಂದು ಕೇಳಿದ ಗೆಳೆಯನಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಆ 'ಕೋಣೆ' ಯುರೋಪಿನ ಹಳೆಯ ಕಲ್ಲುಮನೆಗಳ ಕೋಣೆ, ಹೆಚ್ಚೆಂದರೆ 16ರಿಂದ 18 ಡಿಗ್ರಿ ಎಂದು ಆಮೇಲೆ ತಿಳಿಯಿತು. ನಮ್ಮ ಪಡಸಾಲೆ ಅಂದು 36ರ ಆಸುಪಾಸಿನಲ್ಲಿತ್ತು. ಡಿಸೆಂಬರಿನಲ್ಲಿ ಅದೇ ವೈನನ್ನು ಇನ್ನೊಮ್ಮೆ ತಂದು, ತಂಪು ಮಾಡಿ, ಅದೇ ಗೆಳೆಯನ ಮುಂದಿಟ್ಟೆ. ಈ ಸಲ ಅವನು ಗ್ಲಾಸಿನಿಂದ ಮೂಗು ತೆಗೆಯಲೇ ಇಲ್ಲ. "ನೇರಳೆಹಣ್ಣು" ಎಂದ. ನಿಜವಾಗಿಯೂ ನೇರಳೆಹಣ್ಣೇ.

ಅಂದಿನಿಂದ ಚಳಿಗಾಲದಲ್ಲಿ ಎರಡು ಮೂರು ಸಲ ನಾವು ಹೀಗೆ ಕೂಡುತ್ತೇವೆ. ವೈನ್ ರುಚಿ ನೋಡಲು ನಮ್ಮ ಕಡೆಯವರ ನಾಲಗೆಗಾಗಲಿ ಮಾತಿಗಾಗಲಿ ಯಾವ ಕೊರತೆಯೂ ಇಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ ತಿಂದು ಬೆಳೆದ ನಾಲಗೆ ಹುಳಿ, ಕಹಿ, ಒಗರುಗಳನ್ನು ಚೆನ್ನಾಗಿ ಬಲ್ಲದು. ನಾವು ಮುಂಚೆಯೇ ಯೋಚಿಸಿ ಸಂಭಾಳಿಸಬೇಕಾದದ್ದು ಎರಡನ್ನು, ಬಿಸಿಲು ಮತ್ತು ಖಾರ. ವೈನ್ ಕುಡಿಯುವ ಬಗ್ಗೆ ಬರೆದ ಬಹುತೇಕ ಸಲಹೆಗಳು ಇವೆರಡೂ ಇಲ್ಲದ ನಾಡಿನವು. ಆದ್ದರಿಂದ ಬಳ್ಳಾರಿ, ಕೊಪ್ಪಳ, ರಾಯಚೂರಿನ ಮನೆಗಳಿಗೆ ಒಗ್ಗುವ ಕ್ರಮವನ್ನು, ನಾವು ಮಾಡಿ ನೋಡಿದಂತೆ, ಇಲ್ಲಿ ಬರೆಯುತ್ತಿದ್ದೇನೆ.

ದಿನ, ಮಂದಿ, ಅಳತೆ

ಡಿಸೆಂಬರಿನಿಂದ ಫೆಬ್ರವರಿಯ ನಡುವಿನ ಒಂದು ಸಂಜೆ ಆರಿಸಿಕೊಳ್ಳಿ. ಮಾಳಿಗೆಯ ಮೇಲೆ ಕೂರಬಹುದು, ಬಾಟಲಿಗಳೂ ಬೇಗ ಬಿಸಿಯಾಗುವುದಿಲ್ಲ. ಬೇಸಿಗೆಯಲ್ಲೇ ಮಾಡಬೇಕೆಂದಿದ್ದರೆ ಕೆಂಪು ವೈನನ್ನು ಒಂದಕ್ಕೆ ಇಳಿಸಿ, ಬಿಳಿಯದನ್ನು ಹೆಚ್ಚಿಸಿ.

ಎಂಟು ಮಂದಿ ಇದ್ದರೆ ಸರಿ. ಅದಕ್ಕಿಂತ ಹೆಚ್ಚಾದರೆ ಮಾತು ಎರಡು ಗುಂಪಾಗಿ ಒಡೆಯುತ್ತದೆ, ರುಚಿಯ ಮೇಲೆ ಯಾರಿಗೂ ಗಮನವಿರುವುದಿಲ್ಲ. ಎಂಟು ಮಂದಿಗೆ ಐದು ಬಗೆಯ ವೈನ್ ಸಾಕು. ಒಂದು ಬಾಟಲಿಯಲ್ಲಿ 750 ಮಿಲಿಲೀಟರ್ ಇರುತ್ತದೆ. ಒಬ್ಬೊಬ್ಬರಿಗೆ 50 ಮಿಲಿಲೀಟರಿನಂತೆ ಸುರಿದರೆ 400 ಖರ್ಚಾಗಿ, ಊಟದ ಜೊತೆ ಬೇಕಾದವರಿಗೆ ಉಳಿದದ್ದು ಇರುತ್ತದೆ. ಹೀಗೆ ಐದನ್ನೂ ರುಚಿ ನೋಡಿದವರು ಕುಡಿದದ್ದು 250 ಮಿಲಿಲೀಟರ್. ನೂರಕ್ಕೆ 13ರಷ್ಟು ಆಲ್ಕೋಹಾಲ್ ಇರುವ ವೈನ್ ಎಂದು ಹಿಡಿದರೆ ಸುಮಾರು 25 ಗ್ರಾಂ ಆಲ್ಕೋಹಾಲ್ ಹೊಟ್ಟೆಗೆ ಹೋದಂತಾಯಿತು. ಈ ಲೆಕ್ಕವನ್ನು ಮೊದಲೇ ಎಲ್ಲರಿಗೂ ಹೇಳಿಬಿಡುತ್ತೇನೆ. ಒಂದೊಂದು ಗುಟುಕೆಂದು ಅನ್ನಿಸುವುದು ಕೊನೆಗೆ ಎರಡು ಗ್ಲಾಸಾಗಿರುತ್ತದೆ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. 50 ಮಿಲಿಲೀಟರ್ ಎಷ್ಟೆಂದು ಕಣ್ಣಂದಾಜಿನಲ್ಲಿ ಗೊತ್ತಾಗದು. ಔಷಧದ ಸಿರಪ್ಪಿನ ಅಳತೆಯ ಮುಚ್ಚಳದಿಂದ ನೀರನ್ನು ಅಳೆದು ಒಂದು ಗ್ಲಾಸಿಗೆ ಹಾಕಿ ನೋಡಿ, ಆ ಮಟ್ಟವನ್ನು ನೆನಪಿಟ್ಟುಕೊಳ್ಳಿ.

ಬರುವವರಲ್ಲಿ ಗಾಡಿ ಓಡಿಸುವವರು ಯಾರು ಎಂಬುದು ಬಾಟಲಿ ತೆರೆಯುವ ಮೊದಲೇ ತೀರ್ಮಾನವಾಗಬೇಕು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ವಾಹನ ಓಡಿಸುವುದು ಅಪರಾಧ. ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ರಾಯಚೂರಿನಿಂದ ಬರುವ ನಮ್ಮ ಗೆಳೆಯ ದಂಪತಿ ಆ ರಾತ್ರಿ ನಮ್ಮಲ್ಲೇ ಉಳಿಯುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಗರ್ಭಿಣಿಯರು, ಲಿವರಿನ ತೊಂದರೆ ಇರುವವರು, ಮಾತ್ರೆ ನುಂಗುತ್ತಿರುವವರು, ಕುಡಿಯುವುದೇ ಬೇಡ ಎನ್ನುವವರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಅವರಿಗೂ ಅದೇ ಗ್ಲಾಸಿನಲ್ಲಿ ಕುಷ್ಟಗಿ ಕಡೆಯ ದಾಳಿಂಬೆಯ ರಸ ಕೊಡಿ. ದಾಳಿಂಬೆಯಲ್ಲೂ ಬಣ್ಣವಿದೆ, ಹುಳಿಯಿದೆ, ಒಗರಿದೆ. ರುಚಿಯ ಮಾತಿನಲ್ಲಿ ಅವರೂ ಪಾಲುಗೊಳ್ಳಬಹುದು. ಯಾರನ್ನೂ ಬಲವಂತ ಮಾಡಬೇಡಿ.

ಯಾವ ಬಾಟಲಿಗಳು

ಐದೂ ಒಂದೇ ಬಗೆಯವಾದರೆ ಹೊಸಬರಿಗೆ ವ್ಯತ್ಯಾಸ ತಿಳಿಯದು. ದೂರದೂರದ ರುಚಿಗಳಿರಲಿ. ನಾನು ಸಾಮಾನ್ಯವಾಗಿ ಇಡುವುದು ಇವು: ಸಿಹಿಯಿಲ್ಲದ, ಚುರುಕು ಹುಳಿಯ ಬಿಳಿ ವೈನ್ ಸೊವಿನ್ಯೋನ್ ಬ್ಲಾಂ, ನಾಲಗೆಗೆ ತುಸುವೇ ಸಿಹಿ ತಾಗುವ ಬಿಳಿ ವೈನ್ ಶೆನಿನ್ ಬ್ಲಾಂ, ಗುಲಾಬಿ ಬಣ್ಣದ ಒಂದು ರೋಸೆ ವೈನ್, ಹಗುರವಾದ ಕೆಂಪು ವೈನ್ ಸಾಂಜೊವೇಸೆ, ಕೊನೆಗೆ ಬಾಯಿ ತುಂಬುವ, ಗಟ್ಟಿ ಮೈಯ ಕೆಂಪು ವೈನ್ ಶಿರಾಜ್ ಅಥವಾ ಕ್ಯಾಬರ್ನೆ ಸೊವಿನ್ಯೋನ್. ರೋಸೆ ಒಂದನ್ನು ಬಿಟ್ಟರೆ ಇವೆಲ್ಲ ದ್ರಾಕ್ಷಿ ತಳಿಗಳ ಹೆಸರುಗಳೇ. ಹೋಳಿಗೆ ಮಾಡಿಸುವುದಿದ್ದರೆ ಮಾತ್ರ, ತಡವಾಗಿ ಕೊಯ್ದ ದ್ರಾಕ್ಷಿಯ ಸಿಹಿ ವೈನಿನ ಒಂದು ಚಿಕ್ಕ ಬಾಟಲಿ.

ವಿದೇಶದ್ದೇ ಆಗಬೇಕೆಂದಿಲ್ಲ. ನಾಸಿಕದ ಸುಲಾ, ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಫ್ರಾತೆಲ್ಲಿ, ನಂದಿಬೆಟ್ಟದ ತಪ್ಪಲಿನ ಗ್ರೋವರ್, ಈ ಕಂಪನಿಗಳ ವೈನುಗಳಲ್ಲೇ ಮೇಲಿನ ಎಲ್ಲ ಬಗೆಗಳೂ ಸಿಗುತ್ತವೆ. ಇನ್ನು ಕೊಪ್ಪಳ ಜಿಲ್ಲೆಯಲ್ಲೇ, ಹಂಪಿ ಹಿಲ್ಸ್ ಎಂಬ ಹೆಸರು ಹೊತ್ತ ತೋಟದಲ್ಲಿ ಕರಿಸ್ಮಾ ಎಸ್ಟೇಟ್ಸ್ ಕ್ಯಾಬರ್ನೆ, ಸಾಂಜೊವೇಸೆ, ಸೊವಿನ್ಯೋನ್ ಬ್ಲಾಂ ಬೆಳೆದು ವೈನ್ ಮಾಡುತ್ತದೆ. ಬೆಲೆ ತುಸು ಹೆಚ್ಚು, ಎಲ್ಲ ಕಡೆ ಸಿಗುವುದೂ ಇಲ್ಲ. ಬೆಂಗಳೂರಿಗೆ ಹೋದವರ ಕೈಯಲ್ಲಿ ತರಿಸಿಕೊಳ್ಳುತ್ತೇವೆ. ನಮ್ಮ ಬಿಸಿಲನ್ನೇ ಉಂಡ ದ್ರಾಕ್ಷಿಯನ್ನು ನಮ್ಮ ಮೇಜಿನ ಮೇಲೆ ಇಡುವುದು ನನಗೆ ಪ್ರತಿ ಸಲವೂ ಸಂತೋಷದ ವಿಷಯ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿನ ಪೇಟೆಯಲ್ಲಿ ಮಾರುತ್ತಿದ್ದ ದ್ರಾಕ್ಷಿ, ದಾಳಿಂಬೆಗಳನ್ನು ಬೆಲೆ ಸಮೇತ ಬರೆದಿಟ್ಟಿದ್ದಾನೆ. ದ್ರಾಕ್ಷಿ ಈ ಸೀಮೆಗೆ ನಿನ್ನೆ ಮೊನ್ನೆ ಬಂದ ಬೆಳೆಯಲ್ಲ.

ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಬಾಟಲಿ ನಿಂತಿರುವ ಜಾಗ. ನಮ್ಮೂರುಗಳಲ್ಲಿ ವೈನ್ ಶಾಪ್ ಎಂಬ ಹೆಸರಿದ್ದರೂ ವೈನ್ ಮಾರಾಟ ಕಡಿಮೆ. ಹೀಗಾಗಿ ಬಾಟಲಿಗಳು ತಿಂಗಳುಗಟ್ಟಲೆ ಮೇಲಿನ ಗೂಡಿನಲ್ಲಿ, ಕೆಲವೊಮ್ಮೆ ರಸ್ತೆಯ ಬಿಸಿಲಿಗೆ ಮುಖಮಾಡಿ ನಿಂತಿರುತ್ತವೆ. ಒಂದು ಸಲ ಹಾಗೆ ನಿಂತಿದ್ದ ಬಾಟಲಿಯನ್ನು ತಂದು ನೋಡಿದರೆ ಕಾರ್ಕ್ ಒಂದು ಕೂದಲೆಳೆಯಷ್ಟು ಮೇಲೆದ್ದಿತ್ತು, ಅದರ ಸುತ್ತ ಅಂಟು ಅಂಟಾದ ಕೆಂಪು ಕಲೆಯಿತ್ತು. ಒಳಗಿನ ವೈನ್ ಕಾಯ್ದು, ಹಿಗ್ಗಿ, ಕಾರ್ಕನ್ನು ತಳ್ಳಿದ ಗುರುತು ಅದು. ಅಂಥದ್ದನ್ನು ತೆಗೆದುಕೊಳ್ಳಬೇಡಿ. ಒಳಗಿನ ಗೋದಾಮಿನ ಪೆಟ್ಟಿಗೆಯಿಂದ ಕೊಡಿ ಎಂದು ಕೇಳಿ, ಅಂಗಡಿಯವರು ಕೊಡುತ್ತಾರೆ.

ಆಮೇಲೆ ಇಸವಿ ನೋಡಿ. ನಮ್ಮ ಕಡೆ ವೈನ್ ದ್ರಾಕ್ಷಿಯ ಕೊಯ್ಲು ಜನವರಿಯಿಂದ ಏಪ್ರಿಲಿನೊಳಗೆ ಮುಗಿಯುತ್ತದೆ, ಬಾಟಲಿಯ ಮೇಲಿನ ಇಸವಿ ಆ ಕೊಯ್ಲಿನದು. ಸಾಧಾರಣ ಬಿಳಿ ವೈನ್ ಮತ್ತು ರೋಸೆ ಎರಡು ವರ್ಷಕ್ಕಿಂತ ಹಳೆಯದಾಗಿದ್ದರೆ ಬೇಡ. ಹಳೆಯದಾದಷ್ಟೂ ವೈನ್ ರುಚಿ ಎಂಬ ಮಾತು ಕೆಲವೇ ಕೆಲವು ವೈನುಗಳಿಗೆ, ಅದೂ ತಂಪಾದ ಕತ್ತಲಲ್ಲಿ ಮಲಗಿಸಿ ಇಟ್ಟಾಗ ಮಾತ್ರ ನಿಜ. ಕಾರ್ಕಿನ ಬದಲು ತಿರುಗಿಸುವ ಮುಚ್ಚಳವಿದ್ದರೆ ಅದು ಕೀಳೆಂದು ತಿಳಿಯಬೇಕಾಗಿಲ್ಲ. ನಮ್ಮ ಹವೆಗೆ ಅದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಎರಡು ದಿನ ಮೊದಲೇ ಖರೀದಿಸಿ. ಗಾಂಧಿ ಜಯಂತಿಗೆ, ಚುನಾವಣೆಯ ದಿನಗಳಲ್ಲಿ ಅಂಗಡಿ ಮುಚ್ಚಿರುತ್ತದೆ. ತಂದ ಬಾಟಲಿಯನ್ನು ಕಾರಿನಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಬಳ್ಳಾರಿಯ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಒಂದು ಮಧ್ಯಾಹ್ನ ಕಳೆದರೆ ವೈನ್ ಕೆಟ್ಟಂತೆಯೇ.

ತಂಪು

ಈ ಒಂದು ಕೆಲಸ ಸರಿಯಾದರೆ ಉಳಿದದ್ದರಲ್ಲಿ ಹೆಚ್ಚುಕಡಿಮೆಯಾದರೂ ನಡೆದೀತು. ಬಿಸಿಯಾದ ವೈನಿನಿಂದ ಆಲ್ಕೋಹಾಲ್ ಬೇಗ ಆವಿಯಾಗಿ ಮೂಗಿಗೆ ಮೊದಲು ಅದೇ ಬಡಿಯುತ್ತದೆ, ಹಣ್ಣಿನ ವಾಸನೆ ಹಿಂದೆ ಉಳಿಯುತ್ತದೆ. ಹಾಗೆಂದು ಮಂಜಿನಂತೆ ತಣ್ಣಗಾದರೆ ವಾಸನೆ ಏಳುವುದೇ ಇಲ್ಲ, ಕೆಂಪು ವೈನಿನ ಒಗರು ಇನ್ನಷ್ಟು ಒರಟಾಗುತ್ತದೆ. ನೊರೆಯೇಳುವ ವೈನಿಗೆ 6ರಿಂದ 8 ಡಿಗ್ರಿ, ಬಿಳಿ ಮತ್ತು ರೋಸೆಗೆ 8ರಿಂದ 12, ಹಗುರವಾದ ಕೆಂಪಿಗೆ 13–14, ಗಟ್ಟಿ ಕೆಂಪಿಗೆ 16ರಿಂದ 18 ಇದ್ದರೆ ಹದ.

ಮನೆಯ ಫ್ರಿಜ್ಜಿನೊಳಗೆ ಸುಮಾರು 4 ಡಿಗ್ರಿ ಇರುತ್ತದೆ. ಬಿಳಿ ಮತ್ತು ರೋಸೆಯನ್ನು ಬೆಳಿಗ್ಗೆಯೇ ಒಳಗಿಟ್ಟು, ಸುರಿಯುವ ಹತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ. ಕೆಂಪು ವೈನುಗಳು ಚಳಿಗಾಲದಲ್ಲಿ ಅರ್ಧ ಮುಕ್ಕಾಲು ಗಂಟೆ, ಬೇಸಿಗೆಯಲ್ಲಿ ಒಂದೂವರೆ ಗಂಟೆ ಫ್ರಿಜ್ಜಿನಲ್ಲಿರಲಿ. ಹೌದು, ಕೆಂಪು ವೈನ್ ಕೂಡ. ಯಾರಾದರೂ ಹುಬ್ಬೇರಿಸಿದರೆ ಒಂದು ಗ್ಲಾಸನ್ನು ಹಾಗೆಯೇ ಬಿಸಿಯಲ್ಲಿಟ್ಟು, ಇನ್ನೊಂದನ್ನು ತಂಪಾಗಿ ಕೊಟ್ಟು, ಎರಡನ್ನೂ ಅವರೇ ಕುಡಿದು ನೋಡಲಿ.

ಥರ್ಮಾಮೀಟರ್ ಇಲ್ಲದವರಿಗೆ ಗಡಿಗೆ ಇದೆ. ಬಾಟಲಿಯನ್ನು ಕೆನ್ನೆಗೆ ತಾಗಿಸಿ ನೋಡಿ: ಮಣ್ಣಿನ ಗಡಿಗೆಯ ನೀರಿಗಿಂತ ಇನ್ನೂ ಸ್ವಲ್ಪ ತಣ್ಣಗಿದ್ದರೆ ಗಟ್ಟಿ ಕೆಂಪು ವೈನ್ ತಯಾರು.

ಕರೆಂಟು ಹೋದರೆ, ಅಥವಾ ಫ್ರಿಜ್ಜಿನಲ್ಲಿ ಜಾಗವಿಲ್ಲದಿದ್ದರೆ, ಬಕೆಟ್ ಹಿಡಿಯಿರಿ. ಬಾಟಲಿಯ ಕತ್ತಿನವರೆಗೆ ಬರುವಂತೆ ಅರ್ಧ ಐಸು, ಅರ್ಧ ನೀರು, ಒಂದು ದೊಡ್ಡ ಹಿಡಿ ಕಲ್ಲುಪ್ಪು. ಬರೀ ಐಸು ಹಾಕಿದರೆ ತುಂಡುಗಳ ನಡುವೆ ಗಾಳಿ ಉಳಿಯುತ್ತದೆ. ನೀರಾದರೆ ಗಾಜಿನ ಮೈಯನ್ನೆಲ್ಲ ಆವರಿಸುತ್ತದೆ. ಉಪ್ಪು ಸೇರಿದ ನೀರು ಸೊನ್ನೆಗಿಂತ ಕೆಳಗಿಳಿದರೂ ಹೆಪ್ಪುಗಟ್ಟುವುದಿಲ್ಲ. ಇದರಲ್ಲಿ ಬಿಳಿ ವೈನ್ ಇಪ್ಪತ್ತು ನಿಮಿಷದಲ್ಲಿ ಹದಕ್ಕೆ ಬರುತ್ತದೆ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಮಾತಿನ ಭರದಲ್ಲಿ ಮರೆತರೆ ವೈನ್ ಹೆಪ್ಪುಗಟ್ಟಿ ಬಾಟಲಿ ಸೀಳುತ್ತದೆ. ವೈನಿಗೆ ಐಸ್ ತುಂಡು ಹಾಕಿಕೊಳ್ಳುವುದು ಬೇರೆ ದಿನಗಳಲ್ಲಿ ಅವರವರ ಇಷ್ಟ, ರುಚಿ ನೋಡುವ ದಿನ ಬೇಡ.

ತೆರೆದ ಬಾಟಲಿಗೆ ನೆನೆಸಿದ ದಪ್ಪ ಟವೆಲ್ ಸುತ್ತಿ ಗಾಳಿಗೆ ಇಡಿ. ನಮ್ಮದು ಒಣ ಹವೆಯಾದ್ದರಿಂದ ನೀರು ಬೇಗ ಆರಿ, ಆರುವಾಗ ಬಾಟಲಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕರಾವಳಿಯಲ್ಲಿ ಈ ಉಪಾಯ ಇಷ್ಟು ಚೆನ್ನಾಗಿ ನಡೆಯದು.

ಮೇಜು

ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಬಾಯಿ ಒಳಕ್ಕೆ ಬಾಗಿರುವ ಗಾಜಿನ ಗ್ಲಾಸು ಬೇಕು, ವಾಸನೆ ಅದರಲ್ಲಿ ನಿಲ್ಲುತ್ತದೆ. ತಲೆಗೆ ಎರಡೆರಡು ಗ್ಲಾಸಿದ್ದರೆ ಎರಡು ವೈನುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬಹುದು. ತೊಳೆದ ಸೋಪಿನ ವಾಸನೆ ಉಳಿದಿದೆಯೇ ಎಂದು ಖಾಲಿ ಗ್ಲಾಸನ್ನು ಮೂಸಿ ನೋಡಿ. ಮೇಜಿಗೆ ಬಿಳಿ ಬಟ್ಟೆ, ಇಲ್ಲವೆಂದರೆ ಒಬ್ಬೊಬ್ಬರ ಮುಂದೆ ಒಂದು ಬಿಳಿ ಹಾಳೆ.

ಆ ಸಂಜೆ ಊದುಬತ್ತಿ, ಲೋಬಾನಗಳನ್ನು ಹಚ್ಚಬೇಡಿ. ಮಲ್ಲಿಗೆ ದಂಡೆ, ಅತ್ತರು, ಸೆಂಟುಗಳನ್ನು ಅಂದಿಗೆ ಬಿಟ್ಟು ಬನ್ನಿ ಎಂದು ಮೊದಲೇ ಹೇಳಿ. ನಮ್ಮ ಮಲ್ಲಿಗೆಯ ಮುಂದೆ ಯಾವ ವೈನಿನ ವಾಸನೆಯೂ ನಿಲ್ಲಲಾರದು. ಒಗ್ಗರಣೆಯ ಕೆಲಸಗಳೆಲ್ಲ ಏಳು ಗಂಟೆಯೊಳಗೆ ಮುಗಿದಿರಲಿ, ಒಣಮೆಣಸಿನಕಾಯಿಯ ಘಾಟು ಮೂಗಿಗೇರಿದರೆ ಅರ್ಧ ಗಂಟೆ ಬೇರೆ ಏನೂ ತಿಳಿಯುವುದಿಲ್ಲ. ಎಲೆ ಅಡಿಕೆ ಹಾಕುವವರು ಊಟವಾದ ಮೇಲೆ ಹಾಕಿಕೊಳ್ಳಲಿ.

ನಡುನಡುವೆ ಬಾಯಿ ಸ್ವಚ್ಛ ಮಾಡಿಕೊಳ್ಳಲು ಖಡಕ್ ರೊಟ್ಟಿಗಿಂತ ಒಳ್ಳೆಯದು ಇಲ್ಲ. ಉಪ್ಪು ಖಾರಗಳಿಲ್ಲದ ತೆಳ್ಳನೆಯ ಜೋಳದ ರೊಟ್ಟಿಯನ್ನು ಮುರಿದು ಇಡಿ, ಜೊತೆಗೆ ಗಡಿಗೆಯ ನೀರು. ಉಗುಳಲು ಒಂದೊಂದು ಸ್ಟೀಲ್ ಲೋಟ ಇರಲಿ. ಮನೆಯಲ್ಲಿ ಕೂತು ಉಗುಳುವುದೇ ಎಂದು ಸಂಕೋಚ ಪಡುವವರಿದ್ದಾರೆ. ವೈನ್ ರುಚಿ ನೋಡುವುದನ್ನೇ ವೃತ್ತಿ ಮಾಡಿಕೊಂಡವರೆಲ್ಲ ಉಗುಳಿಯೇ ನೋಡುವುದು ಎಂದು ತಿಳಿಸಿ, ನೀವೇ ಮೊದಲು ಉಗುಳಿ.

ಕೊನೆಯ ತಯಾರಿಯೆಂದರೆ ಬಾಟಲಿಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, 1ರಿಂದ 5ರವರೆಗೆ ಅಂಕಿ ಬರೆಯುವುದು. ಯಾವುದು ಯಾವುದೆಂದು ಒಬ್ಬರಿಗೆ ಮಾತ್ರ ಗೊತ್ತಿರಲಿ. ಹೆಸರು, ಬೆಲೆ ಗೊತ್ತಾದ ಮೇಲೆ ನಾಲಗೆ ತನ್ನ ಮಾತನ್ನು ತಾನು ಆಡುವುದಿಲ್ಲ. 1976ರ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ಹೆಸರು ಮರೆಮಾಡಿ ನಡೆಸಿದ ಪರೀಕ್ಷೆಯಲ್ಲಿ ಫ್ರಾನ್ಸಿನ ತೀರ್ಪುಗಾರರೇ ಕ್ಯಾಲಿಫೋರ್ನಿಯಾದ ವೈನುಗಳಿಗೆ ಮೊದಲ ಸ್ಥಾನ ಕೊಟ್ಟಿದ್ದರು, ಬಿಳಿಯದರಲ್ಲೂ ಕೆಂಪಿನಲ್ಲೂ. 2001ರಲ್ಲಿ ಪ್ರಕಟವಾದ ಬೋರ್ಡೊ ನಗರದ ಇನ್ನೊಂದು ಪ್ರಯೋಗದಲ್ಲಿ, ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಿಂದಲೇ ಬಣ್ಣಿಸಿದರು. ಕಣ್ಣು ಕಂಡದ್ದನ್ನೇ ಮೂಗು ನಂಬಿಬಿಡುತ್ತದೆ.

ನಾಲಗೆಗೆ ಪಾಠ

ಬಾಟಲಿ ತೆರೆಯುವ ಮೊದಲು ಹತ್ತು ನಿಮಿಷ ಇದಕ್ಕೆ ಕೊಡಿ. ಮೂರು ಚಿಕ್ಕ ಲೋಟ: ಒಂದರಲ್ಲಿ ನಿಂಬೆರಸ ಹಿಂಡಿದ ನೀರು, ಒಂದರಲ್ಲಿ ಅಷ್ಟೇ ನಿಂಬೆರಸಕ್ಕೆ ಸಕ್ಕರೆ ಬೆರೆಸಿದ್ದು, ಒಂದರಲ್ಲಿ ಹಾಲು ಸಕ್ಕರೆ ಇಲ್ಲದ, ಚೆನ್ನಾಗಿ ಕುದಿಸಿ ಆರಿಸಿದ ಚಹಾ.

ಮೊದಲನೆಯದು ಬಾಯಿಗೆ ಬಿದ್ದ ಕೂಡಲೇ ದವಡೆಯ ಪಕ್ಕದಿಂದ ನೀರೂರುತ್ತದೆ. ವೈನಿನ ಹುಳಿಯನ್ನು ಅಳೆಯುವುದು ಹೀಗೆಯೇ, ನುಂಗಿದ ಮೇಲೆ ಎಷ್ಟು ನೀರೂರಿತು ಎಂದು. ಎರಡನೆಯದರಲ್ಲಿ ಹುಳಿ ಅಷ್ಟೇ ಇದ್ದರೂ ಸಿಹಿ ಅದನ್ನು ಮುಚ್ಚುತ್ತದೆ. ಶೆನಿನ್ ಬ್ಲಾಂನಲ್ಲಿ ಆಗುವುದು ಇದೇ. ಮೂರನೆಯದನ್ನು ಕುಡಿದು ನಾಲಗೆಯನ್ನು ಒಸಡಿನ ಮೇಲೆ ಆಡಿಸಿ ನೋಡಿ, ಬಟ್ಟೆ ಉಜ್ಜಿದಂತೆ ತಡೆಯುತ್ತದೆ. ಅದು ಒಗರು. ನಮ್ಮ ಹಿರಿಯರು ಸಿಹಿ, ಹುಳಿ, ಉಪ್ಪು, ಖಾರ, ಕಹಿಗಳ ಜೊತೆ ಆರನೆಯ ರುಚಿಯಾಗಿ ಎಣಿಸಿದ್ದು ಇದನ್ನೇ. ಎಳೆ ಅಡಿಕೆ, ಬಾಳೆಕಾಯಿ, ಬಲಿಯದ ನೇರಳೆಯಲ್ಲಿ ಇರುವುದು ಅದೇ. ಕೆಂಪು ವೈನಿಗೆ ಇದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ; ಟ್ಯಾನಿನ್ ಎನ್ನುತ್ತಾರೆ. ಬಿಳಿ ವೈನನ್ನು ಸಿಪ್ಪೆ ತೆಗೆದ ರಸದಿಂದ ಮಾಡುವುದರಿಂದ ಒಗರು ಕಾಣುವುದೇ ಕಡಿಮೆ. ಕೆಂಪು ವೈನ್ 'ಕಹಿ' ಎಂದು ದೂರುವವರಲ್ಲಿ ಹೆಚ್ಚಿನವರು ಹೇಳಹೊರಟಿರುವುದು ಒಗರನ್ನು. ಈ ಎರಡನ್ನೂ ಬೇರೆ ಮಾಡಿ ಗುರುತಿಸಲು ಕಲಿತ ದಿನ ಕೆಂಪು ವೈನಿನ ಮೇಲಿನ ಮುನಿಸು ಅರ್ಧ ಕರಗುತ್ತದೆ.

ಇನ್ನೊಂದು ಪಾಠ ಮೂಗಿನದು. ಮೂಗು ಬಿಗಿಯಾಗಿ ಹಿಡಿದು ಒಂದು ಹೋಳು ಪೇರಲಹಣ್ಣು ಅಗಿಯಿರಿ. ಬರೀ ಸಿಹಿ, ಬೀಜದ ಗಡಸು, ಅಷ್ಟೇ. ಈಗ ಮೂಗು ಬಿಡಿ. ಪೇರಲ ಎಲ್ಲಿಂದಲೋ ಧುಮುಕಿ ಬರುತ್ತದೆ. ನಾವು ರುಚಿ ಎನ್ನುವುದರ ದೊಡ್ಡ ಪಾಲು ಗಂಟಲ ಹಿಂದಿನಿಂದ ಮೂಗಿಗೇರುವ ವಾಸನೆ. ನಮ್ಮ ಗುಂಪಿನ ಮೇಷ್ಟ್ರು ಇದನ್ನು ಮೊದಲ ಸಲ ಮಾಡಿದಾಗ ಮರುದಿನ ಶಾಲೆಯ ಮಕ್ಕಳಿಗೂ ಪೇರಲ ಹಂಚಿ ತೋರಿಸಿದರಂತೆ.

ಮೊದಲ ಸುತ್ತು, ಊಟವಿಲ್ಲದೆ

ಸುರಿಯುವ ಅನುಕ್ರಮ: ಸಿಹಿಯಿಲ್ಲದ ಬಿಳಿ, ತುಸು ಸಿಹಿಯ ಬಿಳಿ, ರೋಸೆ, ಹಗುರ ಕೆಂಪು, ಗಟ್ಟಿ ಕೆಂಪು. ಹಿಂದುಮುಂದಾದರೆ ಶಿರಾಜಿನ ಮುಂದೆ ಸೊವಿನ್ಯೋನ್ ಬ್ಲಾಂ ನೀರಿನಂತೆ ಅನ್ನಿಸುತ್ತದೆ. ಒಂದೊಂದು ವೈನಿಗೂ ಹತ್ತು ನಿಮಿಷ ಕೊಡಿ.

ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಓರೆ ಮಾಡಿ ಅಂಚಿನ ಬಣ್ಣ ನೋಡಿ. ಎಳೆಯ ಕೆಂಪು ವೈನಿನ ಅಂಚು ನೇರಳೆ ಬಣ್ಣ. ವಯಸ್ಸಾದಂತೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಅಲುಗಾಡಿಸದೆ ಒಮ್ಮೆ ಮೂಸಿ. ಗ್ಲಾಸಿನ ಪಾದವನ್ನು ಮೇಜಿಗೆ ಒತ್ತಿಕೊಂಡೇ ಮೂರು ಸುತ್ತು ತಿರುಗಿಸಿ, ಇನ್ನೊಮ್ಮೆ ಮೂಸಿ. ಎರಡನೆಯ ಸಲ ಬರುವುದು ಬೇರೆಯೇ. ಸಣ್ಣ ಗುಟುಕು ತೆಗೆದುಕೊಂಡು ಐದಾರು ಸೆಕೆಂಡು ಬಾಯಲ್ಲಿ ಆಡಿಸಿ, ನುಂಗಿ ಅಥವಾ ಉಗುಳಿ. ಆಮೇಲೆ ಸುಮ್ಮನಿದ್ದು ರುಚಿ ಎಷ್ಟು ಹೊತ್ತು ಉಳಿಯಿತೆಂದು ಗಮನಿಸಿ.

ಎಲ್ಲರೂ ಮಾತಾಡುವ ಮೊದಲು ಬರೆಯಬೇಕು. ಇದೊಂದು ನಿಯಮವನ್ನು ನಾನು ಸಡಿಲಿಸುವುದಿಲ್ಲ. ಯಾರೋ ಒಬ್ಬರು ಗಟ್ಟಿ ದನಿಯಲ್ಲಿ "ಮಾವು" ಎಂದರೆ ಉಳಿದ ಏಳು ಮಂದಿಗೂ ಮಾವೇ ವಾಸನೆಯಾಗುತ್ತದೆ. ಮೂರೇ ಪದ ಬರೆದರೆ ಸಾಕು: ಮೂಗಿಗೆ ಏನು ಬಂತು, ಬಾಯಿಗೆ ಏನು ಬಂತು, ಇನ್ನೊಂದು ಗುಟುಕು ಬೇಕೇ ಬೇಡವೇ.

ಪದಗಳು ನಿಮ್ಮವೇ ಆಗಿರಲಿ. ನಮ್ಮಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಗೆಳೆಯನೊಬ್ಬನಿದ್ದಾನೆ, ವೈನಿನ ಬಗ್ಗೆ ಒಂದಕ್ಷರ ಓದಿದವನಲ್ಲ. ಅವನು ಮೊದಲ ಬಾಟಲಿಯನ್ನು ಮೂಸಿ ತನ್ನ ಚೀಟಿಯಲ್ಲಿ ಬರೆದದ್ದು 'ದೊಣ್ಣೆಮೆಣಸಿನಕಾಯಿ ಗಿಡ ಮುರಿದ ಹಾಗೆ' ಎಂದು. ಎಲ್ಲರೂ ಅವನ ಮುಖ ನೋಡಿದರು. ಅದು ಸೊವಿನ್ಯೋನ್ ಬ್ಲಾಂ, ಅದರಲ್ಲಿರುವ ಪೈರಜೀನ್ ಎಂಬ ವಾಸನೆಯ ಅಂಶವೇ ದೊಣ್ಣೆಮೆಣಸಿನಕಾಯಿಯಲ್ಲೂ ಇರುವುದು. ಶಿರಾಜಿಗೆ ಅವನು 'ಕರಿಮೆಣಸು' ಎಂದ. ಅಲ್ಲೂ ಎರಡಕ್ಕೂ ಸಮಾನವಾದ ರೊಟಂಡೋನ್ ಎಂಬ ಅಂಶವಿದೆ. ಅವನ ಮೂಗು ದಿನವಿಡೀ ಹೊಲದಲ್ಲಿ, ಗೋದಾಮಿನಲ್ಲಿ ಪಳಗಿದ್ದು. ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಎಂದು ಬಾಟಲಿಯ ಹಿಂದೆ ಬರೆದಿರುತ್ತಾರೆ. ಆ ಹಣ್ಣುಗಳನ್ನು ನಮ್ಮಲ್ಲಿ ಹೆಚ್ಚಿನವರು ಕಂಡೇ ಇಲ್ಲ. ಬಾರೆಹಣ್ಣು, ಕವಳೆ, ಹುಣಸೆ, ಗಾಣದ ಬಿಸಿ ಬೆಲ್ಲ, ಹಸಿ ಕಡಲೆಗಿಡದ ಹುಳಿ, ಮೊದಲ ಮಳೆ ಬಿದ್ದ ಎರೆಹೊಲ, ಇವೆಲ್ಲ ನಮ್ಮ ಮೇಜಿನ ಮೇಲೆ ಬಂದ ಪದಗಳು. ಕೇಳಿದವರಿಗೆ ತಟ್ಟನೆ ಅರ್ಥವಾಗುವ ಪದಗಳು ಕೂಡ.

ಎರಡನೆಯ ಸುತ್ತು, ಊಟದೊಂದಿಗೆ

ನಮ್ಮ ಕೆಂಪು ಖಾರಕ್ಕೂ ವೈನಿಗೂ ಹೊಂದಾಣಿಕೆ ಕಷ್ಟ. ಮೆಣಸಿನಕಾಯಿ ಉರಿಸಿದ ನಾಲಗೆಯ ಮೇಲೆ ಆಲ್ಕೋಹಾಲ್ ಬಿದ್ದರೆ ಉರಿ ಹೆಚ್ಚುತ್ತದೆ, ಒಗರು ಬಿದ್ದರೆ ಒರಟಾಗುತ್ತದೆ. ಇದನ್ನು ನಾನು ಹೇಳುವುದಕ್ಕಿಂತ ನೀವೇ ನೋಡಿ: ಮಿರ್ಚಿ ಬಜ್ಜಿ ಒಂದು ತುತ್ತು ಕಚ್ಚಿ, ಮೇಲೊಂದು ಗುಟುಕು ಶಿರಾಜ್ ಕುಡಿಯಿರಿ. ಆ ಮೇಲೆ ಅದೇ ಬಜ್ಜಿಗೆ ತಂಪಾದ ಶೆನಿನ್ ಬ್ಲಾಂ ಕುಡಿಯಿರಿ. ತುಸು ಸಿಹಿ, ತುಸು ಹುಳಿ, ತಂಪು ಮೂರೂ ಸೇರಿ ಉರಿಯನ್ನು ಇಳಿಸುತ್ತವೆ. ನಮ್ಮ ಮೇಜಿನಲ್ಲಿ ಪ್ರತಿ ಸಲ ಅತಿ ಹೆಚ್ಚು ಮೆಚ್ಚುಗೆ ಗಳಿಸುವ ಜೋಡಿ ಉಗ್ಗಾಣಿ-ಬಜ್ಜಿಯ ಜೊತೆ ಶೆನಿನ್ ಬ್ಲಾಂ. ದುಬಾರಿ ಬಾಟಲಿಗಳು ಪಕ್ಕದಲ್ಲೇ ನಿಂತಿದ್ದರೂ.

ಪುಂಡಿ ಪಲ್ಯ ಹುಳಿ. ಊಟಕ್ಕಿಂತ ವೈನ್ ಹುಳಿಯಾಗಿರಬೇಕು, ಇಲ್ಲವೆಂದರೆ ವೈನ್ ಸಪ್ಪೆ. ಆದ್ದರಿಂದ ಪುಂಡಿಗೆ ಸೊವಿನ್ಯೋನ್ ಬ್ಲಾಂ. ಬೇರೆ ಯಾವುದೂ ಅದರ ಮುಂದೆ ನಿಲ್ಲಲಿಲ್ಲ.

ಬದನೆಕಾಯಿ ಎಣ್ಣೆಗಾಯಿಯ ವಿಷಯ ಸ್ವಾರಸ್ಯದ್ದು. ಶೇಂಗಾ, ಎಳ್ಳು, ಗುರೆಳ್ಳುಗಳ ಜಿಡ್ಡು ವೈನಿನ ಒಗರನ್ನು ಮೆತ್ತಗೆ ಮಾಡುತ್ತದೆ. ಖಾರವನ್ನು ಮಾಮೂಲಿನ ಅರ್ಧಕ್ಕೆ ಇಳಿಸಿದರೆ ಸಾಂಜೊವೇಸೆ ಅದಕ್ಕೆ ಚೆನ್ನಾಗಿ ಹೊಂದುತ್ತದೆ, ಎಣ್ಣೆಗಾಯಿಯಲ್ಲಿರುವ ಹುಣಸೆಯ ಹುಳಿಗೆ ಇದರ ಹುಳಿ ಜೊತೆಯಾಗುತ್ತದೆ. ಮಾಮೂಲಿನ ಖಾರವೇ ಬೇಕೆಂದರೆ ರೋಸೆ ತೆಗೆದುಕೊಳ್ಳಿ. ರಂಜಕವನ್ನು ಮಾತ್ರ ಆ ರಾತ್ರಿ ಅಡುಗೆಮನೆಯಲ್ಲೇ ಬಿಡಿ.

ಮಟನ್ ತಿನ್ನುವವರ ಮನೆಯಲ್ಲಿ ಗಟ್ಟಿ ಕೆಂಪು ವೈನಿಗೆ ಕೆಲಸ ಸಿಗುತ್ತದೆ. ಮಾಂಸದ ಜಿಡ್ಡು, ಪ್ರೋಟೀನು ಒಗರನ್ನು ಹಿಡಿದಿಟ್ಟುಕೊಳ್ಳುತ್ತವೆ. ಸಾರಿಗಿಂತ ಒಣ ಮಟನ್ ಒಳ್ಳೆಯದು. ಹಸಿಮೆಣಸಿನಕಾಯಿ ಕಡಿಮೆ ಮಾಡಿ ಕರಿಮೆಣಸು ಹೆಚ್ಚಿಸಿ ಹುರಿದರೆ ಶಿರಾಜಿನ ಕರಿಮೆಣಸು ಅದಕ್ಕೆ ಸೇರುತ್ತದೆ. ನಮ್ಮಲ್ಲಿ ಸಸ್ಯಾಹಾರಿಗಳೇ ಹೆಚ್ಚಿರುವ ದಿನ ಗಟ್ಟಿ ಶೇಂಗಾ ಹಿಂಡಿಯ ಜೊತೆ ಕೊಟ್ಟಿದ್ದೇನೆ, ಅದೂ ಹೊಂದಿತು.

ಹೋಳಿಗೆಗೆ ಕೆಂಪು ವೈನ್ ಕೊಡಬೇಡಿ. ಬೆಲ್ಲದ ಮುಂದೆ ಸಿಹಿಯಿಲ್ಲದ ಯಾವ ವೈನಾದರೂ ಹುಳಿ ನೀರಾಗುತ್ತದೆ. ಊಟಕ್ಕಿಂತ ಸಿಹಿಯಾದದ್ದೇ ಬೇಕು, ಅದಕ್ಕೆಂದೇ ಆ ಚಿಕ್ಕ ಬಾಟಲಿ. ಒಬ್ಬರಿಗೆ 30 ಮಿಲಿಲೀಟರ್ ಸಾಕು. ಶೇಂಗಾ ಹೋಳಿಗೆಯ ಜೊತೆ ಇದು ಜೇನಿನಂತೆ ಇಳಿಯುತ್ತದೆ. ಇಲ್ಲದಿದ್ದರೂ ಚಿಂತೆಯಿಲ್ಲ, ಹೋಳಿಗೆಗೆ ಹಾಲು ತುಪ್ಪ ಇದ್ದೇ ಇದೆ.

ಯಾರಿಗಾದರೂ ಖಾರ ನೆತ್ತಿಗೇರಿದರೆ ವೈನನ್ನಾಗಲಿ ನೀರನ್ನಾಗಲಿ ಕೊಡಬೇಡಿ, ಗಟ್ಟಿ ಮೊಸರು ಕೊಡಿ. ಹಾಲಿನ ಪ್ರೋಟೀನು ಖಾರದ ಅಂಶವನ್ನು ನಾಲಗೆಯಿಂದ ಬಿಡಿಸುತ್ತದೆ.

ಕಾಗದ ಬಿಚ್ಚುವ ಹೊತ್ತು, ಮರುದಿನ

ಊಟ ಮುಗಿದ ಮೇಲೆ ಚೀಟಿಗಳನ್ನು ಒಟ್ಟುಮಾಡಿ, ಯಾವ ಅಂಕಿಗೆ ಹೆಚ್ಚು 'ಬೇಕು' ಬಂದಿದೆ ಎಂದು ಎಣಿಸಿ. ಆಮೇಲೆ ಒಂದೊಂದೇ ಬಾಟಲಿಯ ಕಾಗದ ಬಿಚ್ಚಿ. ಮೊದಲ ಸುತ್ತಿನಲ್ಲಿ ಗೆದ್ದದ್ದು ಎರಡನೆಯದರಲ್ಲಿ ಕೆಳಗಿಳಿದಿರುವುದನ್ನು ನಾವು ಪ್ರತಿ ಸಲ ಕಂಡಿದ್ದೇವೆ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸಲಿಲ್ಲವೆಂದರೆ ವಾದ ಬೇಡ. ನಾಲಗೆಯ ಮಟ್ಟಿಗೆ ಇಬ್ಬರದೂ ಸರಿ.

ಮಲಗುವ ಮೊದಲು ಎಲ್ಲರೂ ಎರಡೆರಡು ಲೋಟ ನೀರು ಕುಡಿಯಲಿ. ಬಾಟಲಿಗಳನ್ನು ಮುಗಿಸಲೇಬೇಕೆಂಬ ಹಠ ಬೇಡ. ಉಳಿದದ್ದಕ್ಕೆ ಮುಚ್ಚಳ ಬಿಗಿದು, ಕೆಂಪಿರಲಿ ಬಿಳಿಯಿರಲಿ, ಫ್ರಿಜ್ಜಿನಲ್ಲಿ ನಿಲ್ಲಿಸಿ. ಬಿಳಿ ಮತ್ತು ರೋಸೆ ಎರಡು ಮೂರು ದಿನ, ಕೆಂಪು ಮೂರರಿಂದ ಐದು ದಿನ ಚೆನ್ನಾಗಿರುತ್ತವೆ. ಹೊರಗೆ ಬಿಟ್ಟರೆ ನಮ್ಮ ಹವೆಗೆ ಮರುದಿನ ಸಂಜೆಗೇ ಹುಳಿ ಹತ್ತುತ್ತದೆ. ಹಾಗೆ ಹುಳಿ ಹತ್ತಿದ್ದನ್ನು ಮಟನ್ ನೆನೆಸಿಡಲು ಬಳಸಿದರೆ ಮಾಂಸ ಮೆತ್ತಗಾಗುತ್ತದೆ.

ಗ್ಲಾಸುಗಳನ್ನು ಆ ರಾತ್ರಿಯೇ ಬರೀ ಬಿಸಿ ನೀರಿನಲ್ಲಿ ಜಾಲಿಸಿ, ಹಳೆಯ ಪಂಚೆಯ ಮೇಲೆ ಬೋರಲು ಹಾಕಿ. ಚೀಟಿಗಳನ್ನು ಬಿಸಾಡಬೇಡಿ, ಬಾಟಲಿಯ ಹೆಸರು, ಇಸವಿ, ಅಂದು ತಿಂದ ಅಡುಗೆಯ ಜೊತೆ ಒಂದು ನೋಟ್‌ಬುಕ್ಕಿಗೆ ಅಂಟಿಸಿ. ಮುಂದಿನ ಸಲಕ್ಕೆ ಐದರಲ್ಲಿ ಎರಡನ್ನು ಹಾಗೆಯೇ ಉಳಿಸಿಕೊಂಡು ಮೂರನ್ನು ಬದಲಿಸಿ. ನಮ್ಮ ನೋಟ್‌ಬುಕ್ಕಿನಲ್ಲಿ ಶೆನಿನ್ ಬ್ಲಾಂ ಇದುವರೆಗೆ ಒಂದು ಸಲವೂ ಜಾಗ ಬಿಟ್ಟುಕೊಟ್ಟಿಲ್ಲ.